ಪಂಚಾಂಗ ನೋಡಿ ಕಡಲಿನ ಭರತ-ಇಳಿತ ಲೆಕ್ಕ ಹಾಕೋದು ಹೇಗೆ

ಬಗ್ಗೋಣ ಪಂಚಾಂಗವೋ ಕಾಲನಿರ್ಣಯವೋ, ನಮ್ಮ ಕಡೆ ಹೆಚ್ಚಿನ ಮನೆಗಳ ಗೋಡೆಯಲ್ಲಿ ಒಂದಾದರೂ ನೇತಾಡುತ್ತಿರುತ್ತದೆ. ನಾವು ಅದನ್ನು ತೆಗೆಯೋದು ಏಕಾದಶಿ, ಶ್ರಾದ್ಧ, ಮುಹೂರ್ತಕ್ಕೆ ಮಾತ್ರ. ಆದರೆ ಸಮುದ್ರ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಅನ್ನೋದೂ ಅದರಲ್ಲೇ ಇದೆ. ಒಂದು ಮಗ್ಗಿ ಬಂದರೆ ಸಾಕು.

ಪಂಚಾಂಗದ ಐದು ಅಂಗಗಳಲ್ಲಿ ತಿಥಿ, ವಾರ, ನಕ್ಷತ್ರ, ಯೋಗ, ಕರಣ ಇವೆ ಅಲ್ವಾ. ಈ ಕೆಲಸಕ್ಕೆ ತಿಥಿ ಒಂದೇ ಬೇಕು. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ ಮುಗಿಯಿತು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹನ್ನೆರಡು ನಾಕಲ ನಲವತ್ತೆಂಟು. ಭರತ ಚಂದ್ರನ ಹಿಂದೆಯೇ ಬರೋದು, ಅಂದರೆ ತಿಥಿಗೆ 48 ನಿಮಿಷದಂತೆ ಅದೂ ತಡವಾಗುತ್ತಾ ಹೋಗುತ್ತದೆ. ಲೆಕ್ಕದ ಜೀವ ಇಷ್ಟೇ. ಕೊಂಕಣ ಕರಾವಳಿಯ ಹಳಬರು ಇದನ್ನೇ ಇನ್ನೂ ಸುಲಭ ಮಾಡಿಕೊಂಡು 'ತಿಥಿಯ ಮುಕ್ಕಾಲು' ಅನ್ನುತ್ತಾರೆ, ತಿಥಿಗೆ ಮುಕ್ಕಾಲು ಗಂಟೆ. ಮೂರು ನಿಮಿಷ ಕಮ್ಮಿ, ಆದರೆ ದೋಣಿ ಇಳಿಸಲು ಅಷ್ಟು ಸಾಕು.

ಮೊದಲು ನಿಮ್ಮ ಊರಿನ ಹೊತ್ತು, ಅಂದರೆ ಅಮಾವಾಸ್ಯೆ-ಹುಣ್ಣಿಮೆಗೆ ಅಲ್ಲಿ ಭರತ ತುದಿ ಮುಟ್ಟುವ ಸಮಯ, ಹಿಡಿಯಬೇಕು. ಅಮಾವಾಸ್ಯೆ ಅಥವಾ ಹುಣ್ಣಿಮೆ ದಿನ ಅಲೆ ಕಮ್ಮಿ ಇರುವ ಜಾಗ ಹುಡುಕಿ. ಜೆಟ್ಟಿ ಆಗಬಹುದು, ಕಾರವಾರದ ಕೋಡಿಬಾಗದ ಕಡೆ ಕಾಳಿ ನದಿ ದಂಡೆಯ ಮೆಟ್ಟಿಲಾದರೂ ಆಗಬಹುದು. ಬೀಚಿನಲ್ಲಿ ಬೇಡ, ಅಲೆ ಮುಂದೆ ಬಂದು ಹಿಂದೆ ಹೋಗುವುದರಲ್ಲಿ ನಿಮಗೆ ಏನೂ ತಿಳಿಯೋದಿಲ್ಲ. ಕಾಲು ಗಂಟೆಗೊಮ್ಮೆ ನೀರಿನ ಅಂಚಿಗೆ ಗುರುತು ಹಾಕಿ. ಸೀಮೆಸುಣ್ಣ ಬೇಡ, ನೆನೆದ ಕಲ್ಲಿಗೆ ಹಿಡಿಯೋದಿಲ್ಲ. ಒಂದು ಬಿದಿರಿನ ಗಳ ನೆಟ್ಟು ಅದಕ್ಕೆ ಗಂಟು ಕಟ್ಟುತ್ತಾ ಹೋಗಿ. ನೀರು ಮೇಲೆ ಬಂದ ಮೇಲೆ ಸ್ವಲ್ಪ ಹೊತ್ತು ಏರೋದೂ ಇಲ್ಲ, ಇಳಿಯೋದೂ ಇಲ್ಲ, ಸುಮ್ನೆ ನಿಂತಿರುತ್ತದೆ. ಆ ನಿಂತ ಹೊತ್ತಿನ ನಡುವಿನ ಸಮಯ ಬರೆದುಕೊಳ್ಳಿ. ಕಂಬದ ಮೇಲೆ ಚಿಪ್ಪು ಅಂಟಿದ ಪಟ್ಟೆ ನೋಡಿದಿರಾ? ನೀರು ದಿನಾ ಎಲ್ಲಿವರೆಗೆ ಬಂದು ಹೋಗುತ್ತದೆ ಅನ್ನೋದಕ್ಕೆ ಅದೂ ಒಂದು ಗುರುತು.

ನಿಮಗೆ 11 ಗಂಟೆ ಸಿಕ್ಕಿತು ಅಂದುಕೊಳ್ಳಿ. ಪಂಚಮಿಗೆ ಐದು ತಿಥಿ, 240 ನಿಮಿಷ, ಅಂದರೆ 4 ಗಂಟೆ. ಮಧ್ಯಾಹ್ನ 3ಕ್ಕೆ ಭರತ. ಇನ್ನೊಂದು ಭರತ ಸುಮಾರು ಹನ್ನೆರಡೂವರೆ ಗಂಟೆ ಬಿಟ್ಟು, ನಡುವೆ ಆರು ಗಂಟೆ ಚಿಲ್ಲರೆಗೆ ಇಳಿತ. ಹುಣ್ಣಿಮೆ ಆದ ಮೇಲೆ ಮತ್ತೆ ಪಾಡ್ಯದಿಂದ ಒಂದು, ಎರಡು ಎಂದು ಎಣಿಸಿ, ಏಕೆಂದರೆ ಭೂಮಿಯ ಎರಡೂ ಬದಿಗೆ ನೀರು ಉಬ್ಬುತ್ತದೆ.

ಅಷ್ಟಮಿ ಹತ್ತಿರ ಲೆಕ್ಕ ಸ್ವಲ್ಪ ಜಾರುತ್ತದೆ. ಆಗ ದಿನದ ತಡ ಗಂಟೆ ಮೀರುತ್ತದೆ, ಅಮಾವಾಸ್ಯೆ-ಹುಣ್ಣಿಮೆ ಹತ್ತಿರ 40 ನಿಮಿಷಕ್ಕೂ ಇಳಿಯಬಹುದು. ಅಷ್ಟಮಿಯ ಭರತ ಸಪ್ಪೆ, ದೊಡ್ಡ ಭರತ ಹುಣ್ಣಿಮೆ ದಾಟಿ ಒಂದೆರಡು ದಿನಕ್ಕೆ. ಅಘನಾಶಿನಿ ನದಿಯ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ತೆಗೆಯುವವರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ.

ಮನೆಯಲ್ಲಿ ಪಂಚಾಂಗ ಇಲ್ಲದಿದ್ದರೂ ತೊಂದರೆ ಇಲ್ಲ. ಭಟ್ಕಳದವರು ಹಿಜರಿ ತಾರೀಖಿಗೆ ಒಂದು ಸೇರಿಸಲಿ, ಕೆಲವು ತಿಂಗಳು ಎರಡು. ಚಂದ್ರ ಕಣ್ಣಿಗೆ ಕಂಡ ಮೇಲೆ ಆ ತಿಂಗಳು ಶುರು, ಹಾಗಾಗಿ ಅದು ತಿಥಿಗಿಂತ ಸ್ವಲ್ಪ ಹಿಂದಿರುತ್ತದೆ. ಇಗರ್ಜಿಗೆ ಹೋಗುವವರಿಗೆ ವರ್ಷಕ್ಕೊಂದು ಗುರುತು ಸಿಗುತ್ತದೆ. ಮಾರ್ಚ್ 21ರಂದು ಅಥವಾ ನಂತರ ಬರುವ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರ ಈಸ್ಟರ್. ಆ ಹುಣ್ಣಿಮೆಯನ್ನು ಚರ್ಚ್ ಕೋಷ್ಟಕ ಹಿಡಿದು ಲೆಕ್ಕ ಹಾಕುತ್ತದೆ, ಆಕಾಶಕ್ಕೂ ಅದಕ್ಕೂ ಒಂದೆರಡು ದಿನ ಹೆಚ್ಚುಕಮ್ಮಿ ಇರಬಹುದು. ಈ ಈಸ್ಟರ್ ಲೆಕ್ಕ ಹಾಕುತ್ತಲೇ ಇಂಗ್ಲೆಂಡಿನ ಬೀಡ್ ಎಂಬ ಸನ್ಯಾಸಿ 725ರಲ್ಲಿ ಬರೆದಿಟ್ಟ: ಭರತ ದಿನಾ ಹೆಚ್ಚುಕಮ್ಮಿ ಮುಕ್ಕಾಲು ಗಂಟೆ ತಡ, ಮತ್ತು ಒಂದೊಂದು ಬಂದರಿಗೆ ಒಂದೊಂದು ಹೊತ್ತು. ನಾನು ಮೇಲೆ ಊರಿನ ಹೊತ್ತು ಹಿಡಿಯಿರಿ ಅಂದದ್ದು ಇದಕ್ಕೇ.

ಇನ್ನು ಗೆಲಿಲಿಯೋ. ಧರ್ಮ ಒಂದು ಕಡೆ, ವಿಜ್ಞಾನ ಒಂದು ಕಡೆ ಅಂತ ಜಗಳ ಶುರುವಾದರೆ ಮೊದಲು ಬರೋ ಹೆಸರು ಅದೇ. ಭರತಕ್ಕೆ ಚಂದ್ರ ಕಾರಣ ಅಂತ ಕೆಪ್ಲರ್ ಹೇಳಿದ್ದನ್ನು ಆತ 1632ರಲ್ಲಿ ಬಾಲಿಶ ಅಂತ ತಳ್ಳಿಹಾಕಿದ. ಭೂಮಿ ಓಡುವುದರಿಂದ ನೀರು ತುಳುಕುತ್ತದೆ ಅಂತ ವಾದ ಮಾಡಿದ. ಸರಿಯಾದ ಕಾರಣ ಸಿಕ್ಕಿದ್ದು 1687ರಲ್ಲಿ, ನ್ಯೂಟನ್‌ನ ಗುರುತ್ವದ ಲೆಕ್ಕದಿಂದ. ಅಷ್ಟರೊಳಗೆ ಎಷ್ಟೋ ಕಡಲ ದಂಡೆಗಳ ಜನ ಚಂದ್ರನನ್ನು ನೋಡಿಯೇ ದೋಣಿ ಇಳಿಸುತ್ತಿದ್ದರು, ಕಾರಣ ಗೊತ್ತಿಲ್ಲದೆ.

ಹಾಗಂತ 'ಪಂಚಾಂಗದಲ್ಲಿ ಎಲ್ಲ ವಿಜ್ಞಾನವೂ ಇದೆ' ಅನ್ನೋ ವಾಟ್ಸಾಪ್ ಫಾರ್ವರ್ಡಿಗೆ ಇದನ್ನು ಅಂಟಿಸಬೇಡಿ. ತಿಥಿಯನ್ನು ಬಿದಿರಿನ ಗಳ ನೆಟ್ಟು ಪರೀಕ್ಷೆ ಮಾಡಬಹುದು. ರಾಹುಕಾಲವನ್ನು ಯಾವ ಗಳ ನೆಟ್ಟು ನೋಡ್ತೀರಿ? ಅದು ನಂಬುವವರಿಗೆ ಬಿಟ್ಟಿದ್ದು. ಹಾಗೆಯೇ 'ಎಲ್ಲ ಮೂಢನಂಬಿಕೆ' ಅಂತ ಪಂಚಾಂಗ ಎಸೆಯುವವರು ಹದಿನೈದು ದಿನ ಜೆಟ್ಟಿಯಲ್ಲಿ ಕೂತು ನೋಡಲಿ.

ತಿಥಿ ಹೇಳದ ವಿಷಯವೂ ಇದೆ, ಗಾಳಿ. ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ, ಹೆಚ್ಚಿನ ವರ್ಷ ಅದೇ ತಾರೀಖು. ಕಡಲಿಗೆ ತೆಂಗಿನಕಾಯಿ ಅರ್ಪಿಸುವ ನೂಲ ಹುಣ್ಣಿಮೆ 2020ರಲ್ಲಿ ಆಗಸ್ಟ್ 3ಕ್ಕೆ ಬಂತು, 2023ರಲ್ಲಿ ಅಧಿಕ ಮಾಸ ಬಿದ್ದು ಆಗಸ್ಟ್ 30ಕ್ಕೆ ಹೋಯಿತು. ಮಳೆಗಾಲದ ಗಾಳಿ ಎರಡನ್ನೂ ಕೇಳೋದಿಲ್ಲ. ಕಾರವಾರದ ಕೂರ್ಮಗಡ ಜಾತ್ರೆ ಪುಷ್ಯ ಹುಣ್ಣಿಮೆಗೆ, ದ್ವೀಪಕ್ಕೆ ದೋಣಿಯಲ್ಲೇ ಹೋಗಬೇಕು. 2019ರ ಜನವರಿ 21ರಂದು ಜಾತ್ರೆಯಿಂದ ಮರಳುವ ದೋಣಿ ಮಗುಚಿ ಹಲವರು ತೀರಿಕೊಂಡರು. ಹಾಗಾಗಿ ಈ ಲೆಕ್ಕವನ್ನು ಬಳಚು ಆರಿಸಲು, ಗಾಳ ಹಾಕಲು, ಸಂಜೆ ಬೀಚ್ ಎಷ್ಟು ಅಗಲ ಸಿಗುತ್ತದೆ ಅಂತ ನೋಡಲು ಇಟ್ಟುಕೊಳ್ಳಿ. ದೋಣಿ ಹತ್ತುವುದಾದರೆ ಸರ್ವೆ ಆಫ್ ಇಂಡಿಯಾದ ಭರತ-ಇಳಿತ ಕೋಷ್ಟಕ ನೋಡಿ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಅಲೆ ಎಚ್ಚರಿಕೆ ನೋಡಿ, ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಜಾಕೆಟ್ ಕೊಡದ ದೋಣಿ ಹತ್ತಬೇಡಿ, ಮುಹೂರ್ತ ಎಷ್ಟೇ ಒಳ್ಳೆಯದಿದ್ದರೂ.