6 ಅಡಿ 5 ಇಂಚಿನ ಆಳಿಗೆ ಸಣ್ಣ ಕಾರಿನ ಸೀಟು ಕೂರಿಸಿದ್ದು ಹೀಗೆ

ಎತ್ತರದ ಗಿರಾಕಿ ಬಂದರೆ ನಮ್ಮ ಕಾರ್ ಸೀಟಿನ ಲೈನಿನಲ್ಲಿ ಎಲ್ಲರ ಉತ್ತರ ಒಂದೇ: ರನ್ನರ್ (ಸೀಟು ಹಿಂದೆ ಮುಂದೆ ಜಾರೋ ಹಳಿ) ಹಿಂದಕ್ಕೆ ಹಾಕು, ಕೈತೊಳಕೋ. ನಾನು ಸೀಟಿನ ಹಿಂಬದಿ ಇಳಿಸಿ ಮುಂಬದಿ ಸ್ವಲ್ಪ ಎತ್ತುತ್ತೇನೆ ಅಂದಾಗ, ಮಂಡಿ ಸ್ಟೀರಿಂಗಿಗೆ ಹೊಡೆಯುತ್ತೆ, ಕ್ಲಚ್ ತುಳಿಯೋಕಾಗಲ್ಲ ಅಂದವರೇ ಜಾಸ್ತಿ. ಆ ಗಾಡಿ ಈಗ ಒಂದು ಮಳೆಗಾಲ ಕಳೆದು ಹದಿನೈದು ಸಾವಿರ ಕಿಲೋಮೀಟರ್ ಹತ್ತಿರ ಓಡಿದೆ. ಬೋಲ್ಟ್ ಒಂದೂ ಅಲುಗಾಡಿಲ್ಲ, ಗಿರಾಕಿ ಸೊಂಟನೋವು ಅಂತ ವಾಪಸ್ ಬಂದಿಲ್ಲ. ಅದಕ್ಕೇ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ಗಾಡಿ ಚಿಕ್ಕ ಹ್ಯಾಚ್‌ಬ್ಯಾಕ್. ಸ್ಟೀರಿಂಗ್ ಮೇಲೆ ಕೆಳಗೆ ಆಡುತ್ತೆ, ಹತ್ತಿರಕ್ಕೆ ಎಳೆಯೋಕಾಗಲ್ಲ. ಡ್ರೈವರ್ ಏರ್‌ಬ್ಯಾಗ್ ಇದೆ. ಆಳು 196 ಸೆಂ.ಮೀ., ತೂಕ 110 ಕೆಜಿ ಆಸುಪಾಸು.

ಮೊದಲು ಟೇಪ್ ಹಿಡಿಯಬೇಕಾದ್ದು ಆಳಿಗೆ, ಗಾಡಿಗಲ್ಲ. ಉದ್ದ ಕಾಲಿನವನ ಸಮಸ್ಯೆ ಬೇರೆ, ಉದ್ದ ಮುಂಡದವನದ್ದು ಬೇರೆ. ಸ್ಟೂಲಿನ ಮೇಲೆ ಕೂರಿಸಿ ಸ್ಟೂಲಿನಿಂದ ನೆತ್ತಿಗೆ ಎಷ್ಟು, ನೆಲದಿಂದ ಮಂಡಿಗೆ ಎಷ್ಟು ಅಂತ ಎರಡೂ ಬರೆದುಕೊಳ್ಳಿ. ಎತ್ತರದ ಚಾವಣಿಯ ಗಾಡಿ ತಗೊಳ್ಳಿ ಅಂತ ಸಲಹೆ ಕೊಡೋರು ಇದನ್ನೇ ಮರೆಯುತ್ತಾರೆ. ಚಾವಣಿ ಎತ್ತರ ಇದ್ದರೆ ತಲೆಗೆ ಜಾಗ ಸಿಗುತ್ತೆ, ಮಂಡಿಗೆ ಸಿಗಲ್ಲ.

ಹಿಮ್ಮಡಿ ಪೆಡಲ್ ಹತ್ತಿರ ಒಂದೇ ಜಾಗದಲ್ಲಿ ಊರಿರುತ್ತೆ ಅಂದುಕೊಂಡು ಕಾಗದದ ಮೇಲೆ ಗೆರೆ ಎಳೆದು ನೋಡಿ. ಸೊಂಟ 5 ಸೆಂ.ಮೀ. ಹಿಂದಕ್ಕೆ ಹೋದರೆ ಮಂಡಿ ಮೂರೂವರೆ ನಾಲ್ಕು ಸೆಂ.ಮೀ. ಇಳಿಯುತ್ತೆ. ಸೊಂಟ 4 ಸೆಂ.ಮೀ. ಕೆಳಕ್ಕೆ ಹೋದರೆ ಮಂಡಿ ಏರುವುದಿಲ್ಲ, ಒಂದು ಸೆಂ.ಮೀ.ಗೂ ಕಮ್ಮಿ ಇಳಿಯುತ್ತೆ. ಅಂದರೆ ಮಂಡಿಗೆ ಹಿಂದಕ್ಕೆ, ತಲೆಗೆ ಕೆಳಕ್ಕೆ, ಎರಡೂ ಬೇಕು. ಆದರೆ ಸೊಂಟ ಇಳಿದು ಮಂಡಿ ಅಲ್ಲೇ ಉಳಿದರೆ ತೊಡೆ ಕುಶನ್ ಬಿಟ್ಟು ಮೇಲೆ ನಿಲ್ಲುತ್ತೆ, ಭಾರವೆಲ್ಲ ಕುಂಡಿಯ ಎರಡು ಮೂಳೆ ಮೇಲೆ. ಬೆಂಗಳೂರಿನಿಂದ ಹೊರಟರೆ ತುಮಕೂರು ದಾಟೋದರೊಳಗೆ ಕಾಲು ಜೋಮು. ಹಾಗಾಗಿ ಮುಂಬದಿ ಎತ್ತಲೇಬೇಕು. ಮಂಡಿ ಹೊಡೆಯುತ್ತೆ ಅಂದವರು ಈ ಗೆರೆ ಎಳೆದು ನೋಡಿರಲಿಲ್ಲ.

ಬರೀ ಹಿಂದಕ್ಕೆ ಹಾಕಿದರೆ ಕೆಡೋದು ಎಲ್ಲಿ? 5 ಅಥವಾ 6 ಮಿ.ಮೀ. ದಪ್ಪದ ಪಟ್ಟಿಯ ಒಂದು ತುದಿ ನೆಲಕ್ಕೆ ಬಿಗಿದು, ಇನ್ನೊಂದು ತುದಿಗೆ ರನ್ನರ್ ಕೂರಿಸಿ ಸೀಟು 100 ಮಿ.ಮೀ. ಹಿಂದೆ ತಳ್ಳಿದ ಗಾಡಿಗಳು ರಿಪೇರಿಗೆ ಬರುತ್ತಲೇ ಇರುತ್ತವೆ. ಪಟ್ಟಿ ಮತ್ತು ರನ್ನರ್ ನಡುವೆ ಬೋಲ್ಟ್ ತಲೆಗೆ ಜಾಗ ಬೇಕಲ್ಲ, ಅಲ್ಲೇ ಸೀಟು 15 ಮಿ.ಮೀ. ಮೇಲೇಳುತ್ತೆ, ತಲೆ ಚಾವಣಿಗೆ ತಾಗುತ್ತೆ. ಸ್ಟೀರಿಂಗ್ ದೂರ ಹೋಗಿ ಭುಜ ಸೀಟು ಬಿಟ್ಟು ಮುಂದೆ ಬರುತ್ತೆ. ಭುಜ ಬಿ ಪಿಲ್ಲರ್‌ಗಿಂತ (ಮುಂದಿನ ಹಿಂದಿನ ಬಾಗಿಲ ನಡುವಿನ ಕಂಬ, ಬೆಲ್ಟ್ ಬರೋದು ಅಲ್ಲಿಂದ) ತೀರಾ ಹಿಂದೆ ಸರಿದರೆ ಬೆಲ್ಟ್ ಭುಜ ತಬ್ಬುವುದಿಲ್ಲ, ನಡುವೆ ಗಾಳಿ ಆಡುತ್ತೆ. ಬಕಲ್ ನೆಲಕ್ಕೆ ಕಟ್ಟಿರೋ ಗಾಡಿಯಾದರೆ ಸೊಂಟದ ಬೆಲ್ಟ್ ಸೊಂಟ ಬಿಟ್ಟು ಮುಂದಕ್ಕೆ ತೊಡೆ ಕಡೆ ಜಾರುತ್ತೆ. ಬಕಲ್ ಸೀಟಿಗೇ ಇದ್ದರೆ ಆ ಕಾಟ ಕಮ್ಮಿ, ಆದರೆ ಡಿಕ್ಕಿಯಾದಾಗ ಬಕಲ್ ಕಡೆಯ ಎಳೆತವೆಲ್ಲ ನೀವು ಹಾಕಿದ ಪಟ್ಟಿ ಮೇಲೆ. ಇದನ್ನೆಲ್ಲ ಲೆಕ್ಕ ಹಾಕಿ ನಾನು 50 ಮಿ.ಮೀ.ಗೆ ನಿಂತಿದ್ದೇನೆ. ಇನ್ನೂ ಬೇಕು ಅಂದರೆ ಬೇರೆ ಗಾಡಿ ನೋಡಿ ಅಂತ ಹೇಳಿ ಕಳಿಸುತ್ತೇನೆ.

ಮುಂದಿನ ಎರಡು ಬೋಲ್ಟಿಗೆ 40 ಅಗಲ, 12 ದಪ್ಪ, 100 ಮಿ.ಮೀ. ಉದ್ದದ ಎಂಎಸ್ (ಮೈಲ್ಡ್ ಸ್ಟೀಲ್, ಮಾಮೂಲಿ ಉಕ್ಕು) ಪಟ್ಟಿ. ನೆಲದ ತೂತಿಗೆ ಸಿಎಸ್‌ಕೆ (ಕೌಂಟರ್‌ಸಂಕ್, ಕೆಳಗೆ ಚೂಪಾಗಿ ಇಳಿಯೋ ತಲೆಯ) ಅಲೆನ್ ಬೋಲ್ಟ್, ತಲೆ ಪಟ್ಟಿಯೊಳಗೆ ಮುಳುಗಬೇಕು. ಎಂ10, ಅಂದರೆ 10 ಮಿ.ಮೀ. ಬೋಲ್ಟಿನ ಸಿಎಸ್‌ಕೆ ತಲೆ 5.5 ಮಿ.ಮೀ. ದಪ್ಪ, ಹಾಗಾಗಿ ಅಡಿಯಲ್ಲಿ ಆರು ಮಿ.ಮೀ. ಮೇಲೆ ಲೋಹ ಉಳಿಯುತ್ತೆ. ಈ ತಲೆ ಎಳೆತಕ್ಕೆ ಮಾಮೂಲಿ ಬೋಲ್ಟಿನಷ್ಟು ತಡೆಯಲ್ಲ, ಅದಕ್ಕೇ 8.8 ಗ್ರೇಡ್ ಬೇಡ, ಅದಕ್ಕಿಂತ ಗಟ್ಟಿಯಾದ 10.9 ತಗೊಳ್ಳಿ. ಲೇತಿನವನ ಹತ್ತಿರ ತಲೆ ಕೂರೋ ಗುಳಿ ಕೊರೆಯೋ 90 ಡಿಗ್ರಿ ಕೌಂಟರ್‌ಸಿಂಕ್ ಇದೆಯಾ ಅಂತ ಕಣ್ಣಾರೆ ನೋಡಿ. ದೊಡ್ಡ ಡ್ರಿಲ್ ಬಿಟ್ಟಿನ ಮೂತಿಯಿಂದ ಕೊರೆದು ಕೊಟ್ಟರೆ ಅದು 118 ಡಿಗ್ರಿ. ತಲೆ ಪೂರ್ತಿ ಕೂರದೆ ಒಳ ಅಂಚಿನ ಮೇಲೆ ಮಾತ್ರ ನಿಲ್ಲುತ್ತೆ. ಬಿಗಿದಾಗ ಗಟ್ಟಿ ಅನಿಸುತ್ತೆ, ಆ ಅಂಚು ಜಜ್ಜಿಹೋದ ಮೇಲೆ ಸಡಿಲ.

ರನ್ನರ್ ಕೂರೋ ಎರಡನೇ ಬೋಲ್ಟನ್ನು ಪಟ್ಟಿಯ ಕೆಳಗಿನಿಂದ ಮೇಲ್ಮುಖವಾಗಿ ಹಾಕಬೇಕು, ಮೇಲೆ ನೈಲಾಕ್ ನಟ್ (ಒಳಗಿನ ನೈಲಾನ್ ಬಳೆಯಿಂದ ಸಡಿಲಾಗದ್ದು). ಪಟ್ಟಿ ಕೂತ ಮೇಲೆ ಕೆಳಗೆ ಕೈ ಹೋಗಲ್ಲ, ನಟ್ ಬಿಗಿಯುವಾಗ ಬೋಲ್ಟ್ ಜೊತೆಗೇ ಸುತ್ತುತ್ತೆ. ಪಟ್ಟಿಯಲ್ಲೇ ಥ್ರೆಡ್ ಕಡಿದು, ಬೋಲ್ಟನ್ನು ಹೊರಗೇ ಬಿಗಿ ಮಾಡಿ ತಂದರೆ ಆ ತಲೆನೋವಿಲ್ಲ.

ಹಿಂಬದಿಯಲ್ಲೇ ಅಸಲು ಕೆಲಸ. ಈ ಗಾಡಿಯ ರನ್ನರಿಗೆ ಹಿಂದೆ 45 ಮಿ.ಮೀ. ಎತ್ತರದ ಪ್ರೆಸ್ ಮಾಡಿದ ಕಾಲು ಇತ್ತು, ರಿವೆಟ್ ಹೊಡೆದದ್ದು. ರಿವೆಟ್ ಕೊರೆದು ಕಾಲು ತೆಗೆದು, ಅದರ ಜಾಗಕ್ಕೆ 20 ಮಿ.ಮೀ. ದಪ್ಪದ ಎಂಎಸ್ ತುಂಡು ಇಟ್ಟೆ. ಅಲ್ಲಿಗೆ ಹಿಂಬದಿ 25 ಇಳಿಯಿತು, ಮುಂಬದಿ 12 ಏರಿತು. ಬೋಲ್ಟಿನಿಂದ ಬೋಲ್ಟಿಗೆ 380 ಮಿ.ಮೀ. ಹತ್ತಿರ ಇರೋದರಿಂದ ಸೀಟು ಐದೂವರೆ ಡಿಗ್ರಿ ಹಿಂದಕ್ಕೆ ವಾಲುತ್ತೆ. ಬೆನ್ನು ಜಾಸ್ತಿ ಮಲಗಿದಂತಾದರೆ ರಿಕ್ಲೈನರ್ (ಬೆನ್ನು ವಾಲಿಸೋ ಲಿವರ್) ಒಂದೆರಡು ಹಲ್ಲು ಮುಂದೆ ತಂದರೆ ಸರಿ. 20 ಮಿ.ಮೀ. ದಪ್ಪ ಯಾಕೆ ಅಂತ ಕೇಳೋರಿಗೆ: ಎದುರು ಡಿಕ್ಕಿಯಲ್ಲಿ ಸೀಟು ಮುಂದಕ್ಕೆ ಮಗುಚಲು ನೋಡುತ್ತೆ, ಹಿಂದಿನ ಬೋಲ್ಟುಗಳನ್ನು ಮೇಲಕ್ಕೆ ಕೀಳುತ್ತೆ. 50 ಮಿ.ಮೀ. ಆಚೆ ನಿಂತ ತೆಳು ಪಟ್ಟಿ ಅಲ್ಲಿ ಮಡಚಿಕೊಳ್ಳುತ್ತೆ. ಕ್ರ್ಯಾಶ್ ಟೆಸ್ಟಿನ ಮಾಮೂಲಿ ಗಂಡು ಗೊಂಬೆ 175 ಸೆಂ.ಮೀ., 78 ಕೆಜಿ. ನಮ್ಮ ಆಳಿನ ತೂಕ ಎಷ್ಟು ಅಂತ ಮೇಲೇ ಹೇಳಿದ್ದೇನೆ.

ಕಾಲು ವೆಲ್ಡ್ ಆಗಿರೋ ರನ್ನರ್ ಆದರೆ ಕತ್ತರಿಸಲು ಹೋಗಬೇಡಿ. ರನ್ನರಿಗೆ ವೆಲ್ಡಿಂಗ್ ಬಿಸಿ ತಾಗಿದರೆ ಉಕ್ಕು ಮೆತ್ತಗಾಗುತ್ತೆ, ರನ್ನರ್ ಸೊಟ್ಟಗಾಗಿ ಜಾಮ್ ಆಗುತ್ತೆ. ಶಿವಾಜಿನಗರದ ಗುಜರಿಯಲ್ಲಿ ರಿವೆಟ್ ಕಾಲಿನ ಜೋಡಿ ಹುಡುಕಿದರೆ ಸಿಗುತ್ತೆ. ನನ್ನ ಕೆಲಸದಲ್ಲಿ ಎಲ್ಲೂ ವೆಲ್ಡಿಂಗ್ ಇಲ್ಲ, ನೆಲಕ್ಕೆ ಹೊಸ ತೂತೂ ಇಲ್ಲ. ನೆಲದ ಅಡಿಯಲ್ಲಿ ಬ್ರೇಕ್ ಮತ್ತು ಪೆಟ್ರೋಲ್ ಪೈಪ್ ಹಾದಿರುತ್ತೆ ಅನ್ನೋದನ್ನು ಡ್ರಿಲ್ ಹಿಡಿದವರು ಮರೆಯುತ್ತಾರೆ.

ಸೀಟು ಬಿಚ್ಚೋ ಮೊದಲು ಬ್ಯಾಟರಿ ಮೈನಸ್ ತೆಗೆದು ಹತ್ತು ನಿಮಿಷ ಬಿಡಿ, ಸೀಟಿನ ಕೆಳಗೆ ಹಳದಿ ಕನೆಕ್ಟರ್ (ಏರ್‌ಬ್ಯಾಗಿನಂಥ ವ್ಯವಸ್ಥೆಯ ವೈರು) ಇದ್ದರಂತೂ ಕಡ್ಡಾಯ. ಬೋಲ್ಟ್ ತರುವಾಗ ಹಳೇದನ್ನು ಕೈಯಲ್ಲಿ ಹಿಡಿದೇ ಹೋಗಿ. ಜಪಾನ್ ಮೂಲದ ಗಾಡಿಗಳಲ್ಲಿ ಎಂ10 ಅಂದರೆ ಪಿಚ್ (ಥ್ರೆಡ್ಡಿನಿಂದ ಥ್ರೆಡ್ಡಿಗೆ ಇರೋ ದೂರ) 1.25 ಮಿ.ಮೀ. ಬಿಡಿಭಾಗದ ಅಂಗಡಿಗಳ ಜೆಸಿ ರೋಡಿನಲ್ಲೂ ಸುಮ್ಮನೆ ಎಂ10 ಅಂತ ಕೇಳಿದರೆ 1.5 ಕೈಗಿಡುತ್ತಾರೆ. ಎರಡು ಸುತ್ತು ಹೋಗುತ್ತೆ, ಆಮೇಲೆ ಉದ್ದ ಹಿಡಿ ಹಾಕಿ ತಿರುಗಿಸಿದರೆ ನೆಲದ ವೆಲ್ಡ್ ನಟ್ ಹಾಳು. ಅದನ್ನು ಸರಿಮಾಡಲು ಟಿಂಕರ್ (ಬಾಡಿ ಕೆಲಸದವನು) ಕೇಳೋ ದುಡ್ಡಿಗೆ ಈ ಇಡೀ ಕೆಲಸ ಮುಗಿಯುತ್ತೆ.

ಪಟ್ಟಿ ಕೂರೋ ಜಾಗದಲ್ಲಿ ಕಾರ್ಪೆಟ್ಟನ್ನೂ ಅದರ ಕೆಳಗಿನ ಫೆಲ್ಟನ್ನೂ ಕತ್ತರಿಸಿ ತೆಗೆಯಿರಿ. ಲೋಹದ ಮೇಲೆ ಲೋಹ ಕೂರಬೇಕು. ಫೆಲ್ಟ್ ಮೇಲೆ ಬಿಗಿದರೆ ವಾರದಲ್ಲಿ ಅದು ಚಪ್ಪಟೆಯಾಗಿ ಬೋಲ್ಟ್ ಸಡಿಲವಾಗುತ್ತೆ. ಟಾರ್ಕ್ ನಾನು 35 ನ್ಯೂಟನ್ ಮೀಟರ್ ಆಸುಪಾಸು ಕೊಡುತ್ತೇನೆ, 500 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ.

ಎರಡು ರನ್ನರ್ ಒಂದಕ್ಕೊಂದು ಸಮಾನಾಂತರ ಇರಬೇಕು, ಮುಂದೆ ಹಿಂದೆ ಅಳೆದರೆ ವ್ಯತ್ಯಾಸ ಒಂದು ಮಿ.ಮೀ. ಒಳಗೆ. ಜಾಸ್ತಿ ಇದ್ದರೆ ಸೀಟು ಬಿಗಿಯಾಗಿ ಜಾರುತ್ತೆ, ಅಷ್ಟೇ ಆದರೆ ಪರವಾಗಿಲ್ಲ. ಭಯ ಬೇರೆ ಇದೆ: ಒಂದೇ ಕಡೆ ಲಾಕ್ ಬೀಳುತ್ತೆ, ಇನ್ನೊಂದು ಕಡೆಯ ಕೊಂಡಿ ಹಲ್ಲಿನ ನೆತ್ತಿ ಮೇಲೆ ಕೂತಿರುತ್ತೆ. ಸಡನ್ ಬ್ರೇಕ್ ಹೊಡೆದಾಗ ಸೀಟು ಮುಂದಕ್ಕೆ ಹಾರುತ್ತೆ. ಲಾಕ್ ಆದ ಮೇಲೆ ಹಿಂದಿನ ಸೀಟಿನಲ್ಲಿ ಕೂತು ಎರಡೂ ಕಾಲಲ್ಲಿ ಒದ್ದು ನೋಡಿ, ಟಾರ್ಚ್ ಹಾಕಿ ಎರಡೂ ಕೊಂಡಿ ಕಣ್ಣಲ್ಲಿ ನೋಡಿ. ವಾರೆ ಇದ್ದರೆ ತೆಳು ವಾಷರ್ ಶಿಮ್ ಹಾಕಿ ಸರಿಮಾಡಬಹುದು.

ಉಳಿದ ಇಳಿತ ಫೋಮಿನಿಂದ. ಸೀಟಿನ ವಾಲಿಕೆಯಿಂದ ಸೊಂಟಕ್ಕೆ ಸಿಕ್ಕಿದ್ದು ಸುಮಾರು 2 ಸೆಂ.ಮೀ., ಇನ್ನೆರಡು ಕುಶನ್‌ನ ಹಿಂಭಾಗದಲ್ಲಿ ಕತ್ತರಿಸಿದೆ. ಕತ್ತರಿಸಬೇಕಾದ್ದು ತಳದಿಂದ, ಮೇಲಿನಿಂದಲ್ಲ. ಮೇಲೆ ಕೆರೆದರೆ ಹಾಗ್ ರಿಂಗ್ (ಕವರ್ ಹಿಡಿಯೋ ಸಣ್ಣ ಲೋಹದ ಬಳೆ) ಕೂರೋ ತಂತಿ ಬಿಚ್ಚಿಕೊಳ್ಳುತ್ತೆ, ಕವರ್ ಸುಕ್ಕಾಗುತ್ತೆ. ಹೊಸ ಹ್ಯಾಕ್ಸಾ ಬ್ಲೇಡು ಸಾಕು. ಬಿಸಿ ತಂತಿಯೂ ಕತ್ತರಿಸುತ್ತೆ, ಆದರೆ ಪಿಯು (ಪಾಲಿಯುರಿಥೇನ್) ಫೋಮ್ ಸುಟ್ಟ ಹೊಗೆ ವಿಷ, ಮುಚ್ಚಿದ ಅಂಗಡಿಯಲ್ಲಿ ಬೇಡವೇ ಬೇಡ. ತೆಳುವಾದ ಫೋಮ್ ಜಿಗ್‌ಜಾಗ್ ಸ್ಪ್ರಿಂಗ್ ಮೇಲೆ ಉಜ್ಜಿ ಹರಿಯದಂತೆ ನಡುವೆ ಗೋಣಿ ಬಟ್ಟೆ, ಅಂಟಿಗೆ ಫೆವಿಕಾಲ್ ಎಸ್‌ಆರ್ 998.

ಇಲ್ಲಿ ಹಲವು ಪ್ರಯೋಗ ಆಯಿತು. ಪೂರ್ತಿ 40 ಡೆನ್ಸಿಟಿ ಫೋಮ್ ಹಾಕಿದರೆ ಈ ತೂಕಕ್ಕೆ ಎರಡು ಮೂರು ತಿಂಗಳಲ್ಲಿ ಕುಸಿಯುತ್ತೆ, ಹಂಪ್ ಹಾರಿದಾಗ ಸ್ಪ್ರಿಂಗ್ ತಗಲುತ್ತೆ. ಪೂರ್ತಿ ರೀಬಾಂಡೆಡ್ (ಫೋಮ್ ಚೂರು ಒತ್ತಿ ಅಂಟಿಸಿದ ಗಟ್ಟಿ ಫೋಮ್) ಹಾಕಿದರೆ ಮೊದಲ ಅರ್ಧ ಗಂಟೆ ಚೆಂದ, ಆಮೇಲೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚು. ಕೊನೆಗೆ ನಿಂತಿದ್ದು ಕಂಪನಿಯ ಅಚ್ಚು ಫೋಮನ್ನೇ ಉಳಿಸಿಕೊಂಡು, ಮೂಳೆ ಕೂರೋ ಜಾಗದ ತಳದಲ್ಲಿ 10 ಮಿ.ಮೀ. ರೀಬಾಂಡೆಡ್ ಸೇರಿಸಿದ್ದು. ಆ ತುಂಡಿನ ಆಕಾರ, ಅದರಲ್ಲಿ ಎಲ್ಲೆಲ್ಲಿ ತೂತು ಕೊರೆದೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಅದು ನಮ್ಮ ಹೊಟ್ಟೆಪಾಡು.

ತೊಡೆ ಕೆಳಗೆ ಮುಂದಕ್ಕೆ 40 ಮಿ.ಮೀ. ಉದ್ದ ಸೇರಿಸಿದೆ. ಕುಶನ್ ಅಂಚಿಗೂ ಮಂಡಿಯ ಹಿಂಭಾಗಕ್ಕೂ ಎರಡು ಮೂರು ಬೆರಳು ಬಿಡಬೇಕು, ಅಂಚಿನ ಫೋಮ್ ಮೆತ್ತಗಿರಬೇಕು. ಗಟ್ಟಿ ಇದ್ದರೆ ಎಡಗಾಲು ಕ್ಲಚ್ ಪೂರ್ತಿ ತುಳಿಯುವಾಗ ತೊಡೆ ಒತ್ತಿ ಹಿಡಿಯುತ್ತೆ. ಕ್ಲಚ್ ಆಗಲ್ಲ ಅಂದವರ ಮಾತಿನಲ್ಲಿ ಇದ್ದ ನಿಜ ಇಷ್ಟೇ.

ಸ್ಟೀರಿಂಗ್ ಹತ್ತಿರ ತರಲು ಸ್ಪೇಸರ್ ಮಾರುತ್ತಾರೆ. ಏರ್‌ಬ್ಯಾಗ್ ಇರೋ ಗಾಡಿಗೆ ನಾನು ಮುಟ್ಟಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಭುಜ ಸೀಟಿಗೆ ತಾಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ನೆತ್ತಿಗೆ ಬೀಳಬೇಕು. 50 ಮಿ.ಮೀ.ಗೆ ನಿಂತರೆ ಬೀಳುತ್ತೆ. ಖರ್ಚಿಲ್ಲದೆ ಸಿಗೋದೂ ಒಂದಿದೆ: 7ಡಿ ಅಂತ ಮಾರೋ ದಪ್ಪ ಮ್ಯಾಟ್ ತೆಗೆದು ತೆಳು ಮ್ಯಾಟ್ ಹಾಕಿ, ಕಾಲಿಗೆ ಒಂದು ಸೆಂ.ಮೀ. ಉಳಿಯುತ್ತೆ.

ಹೆಡ್‌ರೆಸ್ಟ್ ಬಿಡಬೇಡಿ. ಪೂರ್ತಿ ಎಳೆದರೂ ಕತ್ತಿನ ಮಟ್ಟಕ್ಕೇ ನಿಂತರೆ ಹಿಂದಿನಿಂದ ಗುದ್ದಿದಾಗ ತಲೆ ಅದರ ಮೇಲೆ ಮಗುಚುತ್ತೆ. ಅದೇ ದಪ್ಪದ ಗಟ್ಟಿ ರಾಡ್ ಬಗ್ಗಿಸಿ, ಹಲ್ಲು ಕಡಿಸಿ, 60 ಮಿ.ಮೀ. ಉದ್ದ ಮಾಡಿಸಿದೆ. ತೂತಿರೋ ಪೈಪ್ ಹಾಕಿಸಬೇಡಿ.

ದುಡ್ಡು: ಉಕ್ಕು ಮತ್ತು ಲೇತ್ ಸೇರಿ ಸಾವಿರದ ಐನೂರು, ಬೋಲ್ಟು ಮುನ್ನೂರರ ಹತ್ತಿರ, ಫೋಮ್ ಅಂಟು ಎಂಟುನೂರು, ಕವರ್ ಬಿಚ್ಚಿ ಹೊಲಿದದ್ದು ಎರಡು ಸಾವಿರ, ಹೆಡ್‌ರೆಸ್ಟ್ ರಾಡ್ ಏಳುನೂರು. ಐದೂವರೆ ಸಾವಿರದೊಳಗೆ ಮುಗಿಯಿತು, ನನ್ನ ಕೂಲಿ ಬಿಟ್ಟು. ಈ ಗಿರಾಕಿಗೆ ಹೊರಗೆ ರೇಸಿಂಗ್ ಸೀಟು ಹಾಕಲು ಹೇಳಿದ್ದ ರೇಟು ಇಪ್ಪತ್ತೈದು ಸಾವಿರದ ಮೇಲೆ.

ಬೆನ್ನಿನಲ್ಲಿ ಸೈಡ್ ಏರ್‌ಬ್ಯಾಗ್ ಇರೋ ಸೀಟಿಗೆ ಕವರ್ ಹೊಲಿಯೋ ಕೆಲಸ ಹಿಡಿಯಬೇಡಿ. ಇದು ಕ್ರ್ಯಾಶ್ ಟೆಸ್ಟ್ ಆದ ಸೀಟಲ್ಲ ಅಂತ ಗಿರಾಕಿಗೆ ಮೊದಲೇ ಬಾಯಿಬಿಟ್ಟು ಹೇಳಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಮಾರ್ಪಾಡಿನ ಬಗ್ಗೆ ಬಿಗಿಯಾಗಿದೆ, ಹಾಗಾಗಿ ಆರ್‌ಟಿಒದಲ್ಲಿ ಕೇಳಿ, ವಿಮೆಯವರಿಗೂ ತಿಳಿಸಿ ಅಂತ ಹೇಳುತ್ತೇನೆ. ಹಳೇ ಕಾಲು, ಬೋಲ್ಟು, ಕತ್ತರಿಸಿದ ಕಾರ್ಪೆಟ್ ತುಂಡು ಎಲ್ಲ ಚೀಲಕ್ಕೆ ಹಾಕಿ ಗಿರಾಕಿ ಕೈಗೇ ಕೊಡಿ. ಮನೆಯಲ್ಲಿ ಐದಡಿಯವರು ಯಾರಾದರೂ ಅದೇ ಗಾಡಿ ಓಡಿಸುತ್ತಾರಾ ಅನ್ನೋದನ್ನೂ ಅಡ್ವಾನ್ಸ್ ತಗೊಳ್ಳೋ ಮೊದಲೇ ಕೇಳಿ. ರನ್ನರ್ ಹಿಂದೆ ಸರಿದಷ್ಟೂ ಮುಂದಿನ ಕೊನೆಯ ಹಲ್ಲು ಹಿಂದಕ್ಕೇ ಬರುತ್ತೆ, ಅವರ ಕಾಲು ಕ್ಲಚ್ಚಿನ ತಳ ಮುಟ್ಟಲ್ಲ.