ಎಪ್ಪತ್ತು ಸೀಟಿನ ವಿಮಾನಕ್ಕೆ ಹೈಬ್ರಿಡ್: ಬ್ಯಾಟರಿಯ ಲೆಕ್ಕ ಮೊದಲು

ಹೈಬ್ರಿಡ್ ಎಂದರೆ ಇಂಧನದ ಎಂಜಿನ್ ಜೊತೆಗೆ ಬ್ಯಾಟರಿಯ ಮೋಟಾರೂ ಇರುವ ವಿಮಾನ. ಅದರ ಲೆಕ್ಕಕ್ಕೆ ಎಟಿಆರ್ 72-600 ವಿಮಾನವನ್ನೇ ಆಧಾರವಾಗಿ ಇಟ್ಟುಕೊಳ್ಳಿ. ಗರಿಷ್ಠ ಟೇಕಾಫ್ ತೂಕ 23,000 ಕೆ.ಜಿ.; ಪ್ರೊಪೆಲ್ಲರ್ ತಿರುಗಿಸುವ ಎರಡು ಟರ್ಬೊಪ್ರಾಪ್ ಎಂಜಿನ್, ಟೇಕಾಫ್‌ನಲ್ಲಿ ಒಂದೊಂದಕ್ಕೆ ಸುಮಾರು 1,850 ಕಿಲೋವ್ಯಾಟ್. ಪ್ರತಿ ಗೇರ್‌ಬಾಕ್ಸಿಗೆ 500 ಕಿಲೋವ್ಯಾಟಿನ ಮೋಟಾರು ಕೂರಿಸಿ, ಎಂಜಿನ್ನನ್ನು 1,350ಕ್ಕೆ ಇಳಿಸುವುದು ಗುರಿ ಎನ್ನೋಣ.

ಒಂದು ಕೆ.ಜಿ. ಇಂಧನದಲ್ಲಿ ಸುಮಾರು 12,000 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಪೆಟ್ಟಿಗೆ, ಕೂಲಿಂಗ್ ಎಲ್ಲ ಸೇರಿಸಿದ ಲಿಥಿಯಂ ಬ್ಯಾಟರಿಯಲ್ಲಿ 180 ಸಿಕ್ಕರೆ ಪುಣ್ಯ. ಮೇಲೇರುವ 15 ನಿಮಿಷವೂ ಮೋಟಾರು ಓಡಿಸಿದರೆ 250 ಕಿಲೋವ್ಯಾಟ್-ಗಂಟೆ ಬೇಕು. ದಕ್ಷತೆ 0.92, ಖಾಲಿ ಮಾಡುವ ಮಿತಿ 0.8, ಹಳೆಯದಾದ ಬ್ಯಾಟರಿಗೆ ಇನ್ನೊಂದು 0.8: ಮೂರರಿಂದಲೂ ಭಾಗಿಸಿದರೆ 425 ಕಿಲೋವ್ಯಾಟ್-ಗಂಟೆ, ಅಂದರೆ 2,360 ಕೆ.ಜಿ. ಎಂಜಿನ್ ಇಂಧನದ ಶಕ್ತಿಯಲ್ಲಿ ಶೇ. 30ರಷ್ಟನ್ನೇ ಕೆಲಸಕ್ಕೆ ತರುತ್ತದೆ ಎಂದಿಟ್ಟುಕೊಂಡರೂ, ನೇರವಾಗಿ ಉಳಿಯುವ ಇಂಧನ 70 ಕೆ.ಜಿ. ಆಸುಪಾಸು. ಇಪ್ಪತ್ತೈದು ಪ್ರಯಾಣಿಕರನ್ನು ಇಳಿಸಿ ಅರ್ಧ ಪೀಪಾಯಿ ಎಣ್ಣೆ ಉಳಿಸಿದ ಹಾಗಾಯಿತು.

ಹಾಗಾಗಿ ಬ್ಯಾಟರಿಯನ್ನು ಇಂಧನದ ಬದಲಿ ಎಂದು ನೋಡಬೇಡಿ. ಟೇಕಾಫ್‌ನ ಐದು ನಿಮಿಷಕ್ಕಷ್ಟೇ ಬಳಸಿ. ಅದೇ ಲೆಕ್ಕ ಆಗ 142 ಕಿಲೋವ್ಯಾಟ್-ಗಂಟೆಗೆ, 790 ಕೆ.ಜಿ.ಗೆ ಇಳಿಯುತ್ತದೆ. ಇಲ್ಲೇ ಹಲವರು ಎಡವುವುದು: 142ರಿಂದ (ದಕ್ಷತೆಯ ನಷ್ಟ ಸೇರಿ) 1,087 ಕಿಲೋವ್ಯಾಟ್ ಎಳೆಯುವುದೆಂದರೆ 7.7 ಸಿ ದರ, ಅಂದರೆ ತುಂಬಿದ ಬ್ಯಾಟರಿಯನ್ನು ಒಂದು ಗಂಟೆಯ 7.7ನೇ ಒಂದು ಭಾಗದಲ್ಲೇ ಬರಿದು ಮಾಡುವ ವೇಗ. 180 ವ್ಯಾಟ್-ಗಂಟೆಯ ಸೆಲ್ ಇದನ್ನು ತಾಳುವುದಿಲ್ಲ. ಹೆಚ್ಚು ಪವರ್ ಕೊಡುವ ಸೆಲ್ ಬೇಕು, ಕೆ.ಜಿ.ಗೆ 130 ಎಂದಿಟ್ಟುಕೊಂಡರೆ ತೂಕ 1,090 ಕೆ.ಜಿ. ಈ ತೂಕಕ್ಕೆ ಬೆಲೆ ಸಿಗುವುದು ಚಿಕ್ಕ ಎಂಜಿನ್, ಟ್ಯಾಕ್ಸಿ ಮತ್ತು ಇಳಿಯುವ ಹಂತದ ಇಂಧನ ಉಳಿತಾಯದಿಂದ ಮಾತ್ರ. ಏರಿಕೆಯ ತುದಿಯಲ್ಲಿ, ತೆಳು ಗಾಳಿಯಲ್ಲಿ, ಆ ಚಿಕ್ಕ ಎಂಜಿನ್ ಎಷ್ಟು ಎಳೆಯುತ್ತದೆ ಎಂದು ಬೇರೆಯಾಗಿ ಪರೀಕ್ಷಿಸಿ, ಇಲ್ಲದಿದ್ದರೆ ವೇಗ ಬಿದ್ದುಹೋಗುತ್ತದೆ.

ಒಂದು ಎಂಜಿನ್ ಕೈಕೊಟ್ಟಾಗ ಈಗಿನ ವಿಮಾನದಲ್ಲಿ ಇನ್ನೊಂದು 2,050 ಕಿಲೋವ್ಯಾಟಿಗೆ ಏರುತ್ತದೆ. ಮೋಟಾರಿಗೂ ಅದೇ ಪ್ರಮಾಣದ ಅಲ್ಪಾವಧಿ ಮೀಸಲು ಬೇಕು: 500 ಅಲ್ಲ, 555. ಎಡ-ಬಲಕ್ಕೆ ಬೇರೆ ಬೇರೆ ಬ್ಯಾಟರಿ ಪ್ಯಾಕ್ ಇಡಿ. ಎಂಜಿನ್ ನಿಂತ ಅಲುಗಾಟಕ್ಕೆ ಎದುರು ಬದಿಯ ಕಾಂಟ್ಯಾಕ್ಟರ್ (ಬ್ಯಾಟರಿಯ ದೊಡ್ಡ ವಿದ್ಯುತ್ ಸ್ವಿಚ್) ತೆರೆದು ವಿದ್ಯುತ್ ಕಡಿದುಹೋದರೆ ಎಲ್ಲ ಲೆಕ್ಕವೂ ನೀರುಪಾಲು. ಇನ್ನೊಂದು ಸಂಗತಿ, ರನ್‌ವೇ ಮುಟ್ಟದೆ ಮತ್ತೆ ಏರಬೇಕಾದಾಗ ಪ್ಯಾಕ್ ತುಂಬಿರಲೇಬೇಕು. ಬೆಂಗಳೂರು-ಹುಬ್ಬಳ್ಳಿಯಂಥ ಸಣ್ಣ ಹಾರಾಟದಲ್ಲಿ ಕ್ರೂಸ್, ಅಂದರೆ ಒಂದೇ ಎತ್ತರದ ಹಾರಾಟ, ಅರ್ಧ ಗಂಟೆ ಸಿಕ್ಕಿದರೂ, ಅಷ್ಟರಲ್ಲಿ ತುಂಬಿಸಲು ಒಂದೊಂದು ಎಂಜಿನ್‌ನಿಂದ ಸುಮಾರು 100 ಕಿಲೋವ್ಯಾಟ್ ಕದಿಯಬೇಕು. ಏರುವಾಗಲೇ ಇದನ್ನು ಶುರುಮಾಡಬೇಡಿ.

ಶಾಖದ ಕಥೆ ಇನ್ನೂ ಬಿಗಿ. ಬ್ಯಾಟರಿಯಲ್ಲಿ ಶೇ. 5 ನಷ್ಟ ಎಂದರೂ 54 ಕಿಲೋವ್ಯಾಟ್; ಐದು ನಿಮಿಷಕ್ಕೆ 16 ಮೆಗಾಜೌಲ್. ಕಲಬುರಗಿಯ ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುತ್ತದೆ, ಅದರಿಂದ ಸೆಲ್ ತಣ್ಣಗಾಗುವ ಮಾತೇ ಇಲ್ಲ. 1,090 ಕೆ.ಜಿ. ಪ್ಯಾಕ್ ತನ್ನ ಮೈಯಲ್ಲೇ ಆ ಶಾಖ ಹೀರಿದರೆ ಸುಮಾರು 16 ಡಿಗ್ರಿ ಏರುತ್ತದೆ. ನಿಲುಗಡೆಯಲ್ಲೇ ನೆಲದ ಯಂತ್ರದಿಂದ 25 ಡಿಗ್ರಿಗೆ ತಣಿಸಿಕೊಂಡು ಹೊರಟರೆ 41ರಲ್ಲಿ ನಿಲ್ಲುತ್ತದೆ. ವಿಮಾನದೊಳಗೆ ದೊಡ್ಡ ಚಿಲ್ಲರ್ ಹೊರುವುದಕ್ಕಿಂತ ಇದೇ ವಾಸಿ.

ಇಂಧನದಂತೆ ಬ್ಯಾಟರಿ ದಾರಿಯಲ್ಲಿ ಕರಗುವುದಿಲ್ಲ. ಇಳಿಯುವ ಗರಿಷ್ಠ ತೂಕ 22,350 ಕೆ.ಜಿ., ಟೇಕಾಫ್ ಮಿತಿಗಿಂತ 650 ಮಾತ್ರ ಕಡಿಮೆ. ಸಣ್ಣ ಹಾರಾಟಗಳಲ್ಲಿ ನಿಮ್ಮನ್ನು ಕಟ್ಟಿಹಾಕುವುದು ಈ ಅಂಕಿಯೇ.

ವೋಲ್ಟೇಜ್ 540 ಇಟ್ಟರೆ ಪ್ರತಿ ಬದಿಗೆ 1,000 ಆಂಪಿಯರ್, 800 ಇಟ್ಟರೆ 680. ಕೇಬಲ್ ತೂಕ ನೋಡಿ ಹಲವರು 800 ಆರಿಸುತ್ತಾರೆ. 2023ರಲ್ಲಿ ಹಾರಿದ ಇಕೋಪಲ್ಸ್ ಪ್ರಯೋಗ ವಿಮಾನದ್ದೂ ಅಷ್ಟೇ. ಆದರೆ 25,000 ಅಡಿಯಲ್ಲಿ ಗಾಳಿಯ ಒತ್ತಡ ನೆಲದ ಶೇ. 37ಕ್ಕೆ ಇಳಿದಿರುತ್ತದೆ. ನೆಲದಲ್ಲಿ ಸುಮ್ಮನಿದ್ದ ವಿದ್ಯುತ್ ನಿರೋಧಕ ಹೊದಿಕೆಯ ಸಣ್ಣ ಗಾಳಿಗುಳ್ಳೆಯಲ್ಲಿ ಅಲ್ಲಿ ಕಿಡಿ ಏಳುತ್ತದೆ, ತಿಂಗಳುಗಟ್ಟಲೆ ಕೊರೆಯುತ್ತದೆ. ಈ ಕಿಡಿಯ, ಅಂದರೆ ಭಾಗಶಃ ವಿಸರ್ಜನೆಯ (ಪಾರ್ಶಿಯಲ್ ಡಿಸ್ಚಾರ್ಜ್) ಪರೀಕ್ಷೆಯನ್ನು ಬಿಡಿ ಕೇಬಲಿಗೆ ಮಾಡಿ ಮುಗಿಸಬೇಡಿ. ಕನೆಕ್ಟರ್, ಬಾಗು, ಮೋಟಾರಿನ ಸುರುಳಿ ಎಲ್ಲವನ್ನೂ ಜೋಡಿಸಿ, ಅದೇ ಕಡಿಮೆ ಒತ್ತಡದ ಕೋಣೆಯಲ್ಲಿ, ಬಿಸಿಯಾಗಿರುವಾಗಲೇ ಮಾಡಿ.