ರಟ್ಟು ಎತ್ತಬೇಡಿ: ಪರಮಾಣು ಪಾಠ ಮಾಡುವ ಬಗೆ

ನಾನು ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಟೀಚರ್. ಮೊದಲ ವರ್ಷ ಬೋರ್ಡಿನಲ್ಲಿ, ವಿಜ್ಞಾನಿಗಳು ಒಬ್ಬರಾದ ಮೇಲೊಬ್ಬರು ಹೇಳಿದ ನಾಲ್ಕು ಪರಮಾಣು ಚಿತ್ರ ಬರೆದು, ಕೆಳಗೆ ಇಸವಿ ಹಾಕಿ ಪಾಠ ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಟೀಚರ್, ಮೊದಲಿನ ಮೂರೂ ತಪ್ಪಾದ್ರೆ ನಾವು ಯಾಕೆ ಕಲಿಯುವುದು?" ಅಂದಿನಿಂದ ಚಿತ್ರ ಕೊನೆಗೆ ಬರೆಯುತ್ತೇನೆ.

ವಸ್ತುಗಳೆಲ್ಲ ಪರಮಾಣುಗಳಿಂದ ಆಗಿವೆ ಎಂದ ಡಾಲ್ಟನ್ ಪಾಠ ತೂಕದಿಂದ ಶುರು ಮಾಡಿ. 12 ಗ್ರಾಂ ಇಂಗಾಲಕ್ಕೆ 16 ಗ್ರಾಂ ಆಮ್ಲಜನಕ ಸೇರಿದರೆ ಕಾರ್ಬನ್ ಮೊನಾಕ್ಸೈಡ್. 32 ಗ್ರಾಂ ಸೇರಿದರೆ ಕಾರ್ಬನ್ ಡೈಆಕ್ಸೈಡ್. ಸರೀ ಎರಡರಷ್ಟು! ಪರಮಾಣು ಸೇರುವುದು ಎಣ್ಣೆ ಹೊಯ್ದ ಹಾಗಲ್ಲ, ಅಡಿಕೆ ಎಣಿಸಿ ಕೊಟ್ಟ ಹಾಗೆ. ಈ ಲೆಕ್ಕ ಇವತ್ತಿಗೂ ಸರಿಯೇ.

1897ರಲ್ಲಿ ಥಾಮ್ಸನ್ ಪರಮಾಣುವಿನೊಳಗಿನ ಋಣ ವಿದ್ಯುತ್ತಿನ ಕಣ, ಎಲೆಕ್ಟ್ರಾನ್, ಕಂಡುಹಿಡಿದರು. ಅವರು ಊಹಿಸಿದ ಪರಮಾಣು ತೋರಿಸಲು ಒಂದು ಬಚ್ಚಂಗಾಯಿ ಹೋಳು ಸಾಕು: ಕೆಂಪು ತಿರುಳೆಲ್ಲ ಧನ ವಿದ್ಯುತ್, ಕಪ್ಪು ಬೀಜಗಳು ಎಲೆಕ್ಟ್ರಾನ್.

ಇನ್ನು ಮುಖ್ಯ ಕೆಲಸ. ನೆಲಕ್ಕೆ ಒಂದು ಚಾಲಿ ಅಡಿಕೆ ಗಟ್ಟಿಯಾಗಿ ಅಂಟಿಸಿ. ಮಕ್ಕಳು ಬರುವ ಮೊದಲೇ ಮಾಡಿಡಿ. ನಾಲ್ಕು ಮೂಲೆಗೆ ಬೆಂಕಿಪೆಟ್ಟಿಗೆ ನಿಲ್ಲಿಸಿ, ಮೇಲೆ ದೊಡ್ಡ ರಟ್ಟು ಇಡಿ. ಬಗ್ಗಿ ನೋಡಬಾರದು, ಗೋಲಿ ಮಾತ್ರ ಉರುಳಿಸಬಹುದು. ಹೆಚ್ಚಿನವು ನೇರ ಆಚೆ ಹೋಗುತ್ತವೆ. ಯಾವುದೋ ಒಂದು ಟಕ್ ಎಂದು ತಾಗಿ ವಾಪಸು ಬರುತ್ತದೆ. ಆ ಕ್ಷಣ ಕ್ಲಾಸೇ ಒಮ್ಮೆ ಸುಮ್ಮನಾಗುತ್ತದೆ. ಆಗಲೇ ಹೇಳಿ: 1909ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ತೆಳು ಚಿನ್ನದ ಹಾಳೆಗೆ ಧನ ವಿದ್ಯುತ್ತಿನ ಪುಟ್ಟ ಆಲ್ಫಾ ಕಣಗಳನ್ನು ಹಾಯಿಸಿದರು. ಕತ್ತಲ ಕೋಣೆಯಲ್ಲಿ ಕೂತು ಪರದೆಯ ಮೇಲಿನ ಮಿಂಚುಗಳನ್ನು ಒಂದೊಂದಾಗಿ ಎಣಿಸಿದರು. ಮಾರ್ಸ್‌ಡನ್‌ಗೆ ಆಗ 20 ವರ್ಷ, ಇನ್ನೂ ವಿದ್ಯಾರ್ಥಿ. ಸಾವಿರಾರು ಕಣಗಳಲ್ಲಿ ಒಂದು ಹಿಂದಕ್ಕೆ ಬಂತು. ಬಚ್ಚಂಗಾಯಿ ಹೋಳಿನಲ್ಲಿ ಇದಕ್ಕೆ ಉತ್ತರ ಇಲ್ಲ, ಅಲ್ವಾ? 1911ರಲ್ಲಿ ಅವರ ಗುರು ರದರ್‌ಫೋರ್ಡ್ ಉತ್ತರ ಕೊಟ್ಟರು: ಪರಮಾಣುವಿನ ನಡುವೆ ಪುಟ್ಟದೊಂದು ಗಟ್ಟಿ ಭಾಗ ಇದೆ. ಅದೇ ನ್ಯೂಕ್ಲಿಯಸ್.

ಮಕ್ಕಳು ಎಷ್ಟು ಗೋಗರೆದರೂ ರಟ್ಟು ಎತ್ತಬೇಡಿ. ರದರ್‌ಫೋರ್ಡರಿಗೂ ಎತ್ತಿ ನೋಡಲು ಆಗಿರಲಿಲ್ಲ.

ಆಮೇಲೆ ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋಗಿ. ನಡುವೆ ಒಂದು ಒಳ್ಳೆಮೆಣಸು ಇಡಿ. ಅದು ಚಿನ್ನದ ನ್ಯೂಕ್ಲಿಯಸ್ ಆದರೆ, ಪರಮಾಣುವಿನ ಅಂಚು ಸುಮಾರು 50 ಮೀಟರ್ ದೂರ. ಅಲ್ಲಿಯವರೆಗೆ ನಡೆಸಿ, ತಿರುಗಿ ನೋಡಿಸಿ. ಮೆಣಸು ಕಾಣುವುದೇ ಇಲ್ಲ.

ಮನೆಗೆಲಸಕ್ಕೆ ಹಳೇ ಸಿಡಿ ಕೊಡಿ. ಅದರಲ್ಲಿ ಸಿಎಫ್‌ಎಲ್ ದೀಪದ ಬೆಳಕು ನೋಡಿದರೆ ಬಣ್ಣಗಳು ಬೇರೆ ಬೇರೆ ಪಟ್ಟಿಗಳಾಗಿ ಕಾಣುತ್ತವೆ. ಅದನ್ನು ಬಣ್ಣದ ಪೆನ್ಸಿಲಿನಲ್ಲಿ ಬರೆದು ತರಲಿ. ಹೈಡ್ರೋಜನ್ ಬೆಳಕಿನ ಇಂಥ ಗೆರೆಗಳಿಗೆ 1913ರಲ್ಲಿ ಬೋರ್ ಕಾರಣ ಕೊಟ್ಟರು: ಎಲೆಕ್ಟ್ರಾನ್ ಶಕ್ತಿಯ ಒಂದು ಮೆಟ್ಟಿಲಿನಿಂದ ಇನ್ನೊಂದು ಮೆಟ್ಟಿಲಿಗೆ ಹಾರುತ್ತದೆ, ನಡುವೆ ನಿಲ್ಲುವುದಿಲ್ಲ. 1926ರ ಶ್ರೋಡಿಂಗರ್ ಸಮೀಕರಣ ಈ ವಯಸ್ಸಿಗೆ ಜಾಸ್ತಿ. ಎಲೆಕ್ಟ್ರಾನ್ ಗೆರೆ ಹಿಡಿದು ಸುತ್ತುವುದಿಲ್ಲ, ಮೋಡದ ಹಾಗೆ ಹರಡಿರುತ್ತದೆ ಎಂದರೆ ಸಾಕು. 1932ರಲ್ಲಿ ಚಾಡ್ವಿಕ್ ಕಂಡುಹಿಡಿದ ನ್ಯೂಟ್ರಾನ್‌ಗೆ (ನ್ಯೂಕ್ಲಿಯಸ್‌ನೊಳಗಿನ ವಿದ್ಯುತ್ ಇಲ್ಲದ ಕಣ) ಬೇರೆ ಪೀರಿಯಡ್ ಇಟ್ಟುಕೊಳ್ಳಿ, ಗಂಟೆ ಹೊಡೆಯುವ ಹೊತ್ತಿಗೆ ತುರುಕಬೇಡಿ.